ನದಿಯ ಬಾಗಿನಲ್ಲೊಂದು ಊರು: ಗೀಸ್ ಬೆಂಡ್ ಮತ್ತು ಅಲ್ಲಿಯ ಕೌದಿಯ ತಾಯಂದಿರು

ಉತ್ತರ ಕರ್ನಾಟಕದ ಹಳೆಯ ಮನೆಗಳ ಒಳಕೋಣೆಯಲ್ಲಿ ಮಡಿಚಿ ಒಟ್ಟಿದ ಕೌದಿಗಳನ್ನು ಕಾಣದವರು ನಮ್ಮ ಓದುಗರಲ್ಲಿ ವಿರಳ. ಅಜ್ಜಿಯ ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ, ಇವೆಲ್ಲವೂ ತುಂಡು ತುಂಡಾಗಿ ಒಂದರ ಪಕ್ಕದಲ್ಲೊಂದು ಕುಳಿತು ಮನೆಯವರ ಚಳಿಯನ್ನು ಕಳೆಯುತ್ತವೆ. ಬಾಣಂತಿಯ ಕೋಣೆಗೂ ಬೆಳೆ ಕಾಯುವ ಗುಡಿಸಲಿಗೂ ಹೋಗಿಬರುವ ಈ ಹೊದಿಕೆಯನ್ನು ಕಲೆಯೆಂದು ಕರೆದವರು ನಮ್ಮಲ್ಲಿ ಕಡಿಮೆ. ಹೊಲಿದವಳ ಹೆಸರನ್ನು ಬರೆದಿಟ್ಟವರಂತೂ ಇನ್ನೂ ಕಡಿಮೆ.

ಇಂತಹುದೇ ಹೊದಿಕೆಗಳಿಂದ ಲೋಕದ ಗಮನ ಸೆಳೆದ ಒಂದು ಕುಗ್ರಾಮವು ಅಮೆರಿಕದ ದಕ್ಷಿಣ ಪ್ರಾಂತ್ಯದಲ್ಲಿದೆ. ಅದರ ಹೆಸರು ಗೀಸ್ ಬೆಂಡ್. ಅಲ್ಲಿಯ ಕೌದಿಗಳ ಚಿತ್ರಗಳನ್ನು ಅನೇಕರು ಕಂಡಿರಬಹುದು. ಆದರೆ ಆ ಕೌದಿಗಳನ್ನು ಹೊಲಿದ ಜನರು ಯಾರು, ಅವರು ಆ ನೆಲದಲ್ಲಿ ಹೇಗೆ ಉಳಿದರು, ಉಳಿಯುವುದಕ್ಕಾಗಿ ಏನನ್ನು ತೆತ್ತರು ಎಂಬುದನ್ನು ಬಲ್ಲವರು ಸ್ವಲ್ಪ ಮಂದಿ. ಬಟ್ಟೆಗಿಂತ ಮೊದಲು ಊರನ್ನು ಅರಿಯಬೇಕೆಂಬುದು ನಮ್ಮ ಅಭಿಪ್ರಾಯವಾದ್ದರಿಂದ ಈ ಲೇಖನವನ್ನು ನದಿಯಿಂದಲೇ ಆರಂಭಿಸುತ್ತೇವೆ.

ಊರು ಮತ್ತು ಹೆಸರು

ಅಲಬಾಮಾ ರಾಜ್ಯದ ವಿಲ್‌ಕಾಕ್ಸ್ ಕೌಂಟಿಯಲ್ಲಿ ಅಲಬಾಮಾ ನದಿಯು ಕುದುರೆಯ ಲಾಳದಂತೆ ಬಾಗಿ ಹರಿಯುತ್ತದೆ. ಮೂರು ದಿಕ್ಕಿನಲ್ಲಿ ನೀರು, ಒಂದೇ ದಿಕ್ಕಿನಲ್ಲಿ ನೆಲದ ದಾರಿ. ಆ ಬಾಗಿನೊಳಗಿನ ಭೂಮಿಯೇ ಗೀಸ್ ಬೆಂಡ್. 'ಬೆಂಡ್' ಎಂದರೆ ನದಿಯ ತಿರುವು. 'ಗೀ' ಎಂಬುದು ಜೋಸೆಫ್ ಗೀ ಎಂಬ ಜಮೀನುದಾರನ ಹೆಸರು. ಅವನು 1816ರಲ್ಲಿ ಉತ್ತರ ಕೆರೊಲಿನಾದಿಂದ ಬಂದು ಇಲ್ಲಿ ಹತ್ತಿಯ ತೋಟವನ್ನು ಹೂಡಿದನು. ಅವನು ತೀರಿಕೊಂಡಾಗ ಸೋದರಳಿಯಂದಿರಿಗೆ ಬಿಟ್ಟುಹೋದ ಆಸ್ತಿಯಲ್ಲಿ 47 ಮಂದಿ ಗುಲಾಮರೂ ಸೇರಿದ್ದರು. ಮನುಷ್ಯರನ್ನು ದನಕರುಗಳ ಜೊತೆಗೆ ಎಣಿಸಿ ಉಯಿಲು ಬರೆಯುತ್ತಿದ್ದ ಕಾಲವದು.

ಮುಂದೆ ಗೀ ಕುಟುಂಬದವರು ಸಾಲವನ್ನು ತೀರಿಸಲಾರದೆ 1845ರಲ್ಲಿ ತೋಟವನ್ನು ತಮ್ಮ ಬಂಧುವಾದ ಮಾರ್ಕ್ ಪೆಟ್‌ವೇ ಎಂಬವನಿಗೆ ಒಪ್ಪಿಸಿದರು. ಮರುವರ್ಷ ಅವನು ಉತ್ತರ ಕೆರೊಲಿನಾದಿಂದ ತನ್ನ ಸಂಸಾರದೊಡನೆ ಇಲ್ಲಿಗೆ ಬಂದನು. ಯಜಮಾನನ ಮನೆಯವರು ಗಾಡಿಗಳಲ್ಲಿ ಬಂದರೆ, ಸುಮಾರು ನೂರು ಮಂದಿ ಗುಲಾಮರು ನೂರಾರು ಮೈಲಿಗಳನ್ನು ಕಾಲ್ನಡಿಗೆಯಲ್ಲಿ ಸವೆಸಿದರು. ಗುಲಾಮಗಿರಿಯು ಕೊನೆಗೊಂಡ ಮೇಲೆಯೂ ಅವರ ಸಂತತಿಯಲ್ಲಿ ಬಹುಪಾಲು ಜನರು ಪೆಟ್‌ವೇ ಎಂಬ ಹೆಸರನ್ನೇ ಉಳಿಸಿಕೊಂಡರು. ಇಂದಿಗೂ ಆ ಊರಿನಲ್ಲಿ ಪೆಟ್‌ವೇ ಎಂದು ಕರೆದರೆ ಹಲವು ಮನೆಗಳ ಬಾಗಿಲು ತೆರೆಯುತ್ತದೆ, ಮತ್ತು ಅವರೆಲ್ಲ ರಕ್ತಸಂಬಂಧಿಗಳಾಗಿರಬೇಕೆಂದೇನೂ ಇಲ್ಲ. ಒಡೆಯನ ಹೆಸರನ್ನು ಹೊತ್ತುಕೊಂಡೇ ಅದನ್ನು ತಮ್ಮದಾಗಿಸಿಕೊಂಡ ಜನರು ಇವರು. 1949ರಲ್ಲಿ ಸರ್ಕಾರವು ಅಂಚೆ ಕಚೇರಿಗೆ ಒಬ್ಬ ಸಂಸತ್ ಸದಸ್ಯರ ಹೆಸರಿನಿಂದ 'ಬಾಯ್ಕಿನ್' ಎಂದು ನಾಮಕರಣ ಮಾಡಿತು. ನಕ್ಷೆಗಳಲ್ಲಿ ಅದೇ ಉಳಿಯಿತು. ಜನರ ಬಾಯಲ್ಲಿ ಮಾತ್ರ ಗೀಸ್ ಬೆಂಡ್ ಎಂಬುದೇ ನಿಂತಿತು.

ಭೂಮಿ ಕೈಗೆ ಬಂದ ಬಗೆ

ಗುಲಾಮಗಿರಿಯಿಂದ ಬಿಡುಗಡೆಯಾಯಿತೆಂದ ಮಾತ್ರಕ್ಕೆ ಭೂಮಿ ಸಿಗಲಿಲ್ಲ. ಅದೇ ಹೊಲಗಳಲ್ಲಿ ಅದೇ ಕುಟುಂಬಗಳು ಗೇಣಿದಾರರಾಗಿ ಹತ್ತಿ ಬೆಳೆದವು. ಬಿತ್ತನೆಯ ಕಾಲಕ್ಕೆ ನದಿಯಾಚೆಯ ಕ್ಯಾಮ್ಡೆನ್ ಪಟ್ಟಣದ ವ್ಯಾಪಾರಿಯಿಂದ ಕಡ, ಸುಗ್ಗಿಯ ಕಾಲಕ್ಕೆ ಹತ್ತಿಯಿಂದ ತೀರುವಳಿ, ಉಳಿದ ಬಾಕಿಯು ಮುಂದಿನ ವರ್ಷದ ಪುಸ್ತಕಕ್ಕೆ. ನಮ್ಮ ರೈತರಿಗೆ ಈ ಲೆಕ್ಕವನ್ನು ವಿವರಿಸಬೇಕಾದ ಅಗತ್ಯವಿಲ್ಲ.

1920ರ ದಶಕದಲ್ಲಿ ಹತ್ತಿಯ ಬೆಲೆ ಕುಸಿಯಿತು. 1932ರಲ್ಲಿ ಕಡ ಕೊಡುತ್ತಿದ್ದ ವ್ಯಾಪಾರಿಯು ತೀರಿಕೊಂಡನು. ಬಾಕಿಯ ವಸೂಲಿಗೆಂದು ಅವನ ಕಡೆಯವರು ಊರಿಗೆ ಬಂದು ಹತ್ತಾರು ಕುಟುಂಬಗಳ ಹೇಸರಗತ್ತೆ, ಹಸು, ಹಂದಿ, ಕೋಳಿ, ನೇಗಿಲು, ಗಾಡಿ, ಕಣಜದ ಜೋಳ, ಎಲ್ಲವನ್ನೂ ಹೊತ್ತೊಯ್ದರು. ಚಳಿಗಾಲವು ಹೊಸ್ತಿಲಲ್ಲಿತ್ತು. ರೆಡ್ ಕ್ರಾಸ್ ಕಳುಹಿಸಿದ ಆಹಾರವು ಆ ಜನರ ಪ್ರಾಣವನ್ನು ಉಳಿಸಿತು. ಅಂದಿನ ಮನೆಗಳು ಮರದ ದಿಮ್ಮಿಯವು. ಸಂದುಗಳಿಂದ ಗಾಳಿ ನುಗ್ಗದಿರಲೆಂದು ಒಳಗೋಡೆಗೆ ಹಳೆಯ ಪತ್ರಿಕೆಗಳನ್ನು ಅಂಟಿಸುತ್ತಿದ್ದರು. 1937ರಲ್ಲಿ ಸರ್ಕಾರದ ಪರವಾಗಿ ಬಂದ ಛಾಯಾಗ್ರಾಹಕ ಆರ್ಥರ್ ರಾತ್‌ಸ್ಟೀನ್ ತೆಗೆದ ಚಿತ್ರಗಳಲ್ಲಿ ಆ ಗೋಡೆಗಳನ್ನೂ ಆ ಮನೆಗಳ ಕೌದಿಗಳನ್ನೂ ಇಂದಿಗೂ ನೋಡಬಹುದು.

ಅದೇ ವರ್ಷ ಈ ಊರಿನ ಬಾಳಿನಲ್ಲಿ ದೊಡ್ಡದೊಂದು ತಿರುವು ಒದಗಿತು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಆಡಳಿತವು ಹಳೆಯ ತೋಟದ ಸುಮಾರು 10,000 ಎಕರೆ ಭೂಮಿಯನ್ನು ಕೊಂಡು, ಹೊಸ ಮನೆಗಳು, ಶಾಲೆ, ಅಂಗಡಿ, ಹತ್ತಿಯ ಜಿನ್ನು ಇವುಗಳನ್ನು ಕಟ್ಟಿಸಿತು. ಆ ಮನೆಗಳನ್ನು ಜನರು ಇಂದಿಗೂ 'ರೂಸ್‌ವೆಲ್ಟ್ ಮನೆ' ಎನ್ನುತ್ತಾರೆ. ಮುಂದೆ 1940ರ ದಶಕದಲ್ಲಿ ಕಡಿಮೆ ಬಡ್ಡಿಯ ಸಾಲದ ಮೇಲೆ ಆ ಭೂಮಿ ಮತ್ತು ಮನೆಗಳು ಅವುಗಳಲ್ಲಿ ವಾಸವಿದ್ದ ಕುಟುಂಬಗಳಿಗೇ ಮಾರಾಟವಾದವು. ಯಾವ ನೆಲದಲ್ಲಿ ತಮ್ಮ ಪೂರ್ವಜರು ಗುಲಾಮರಾಗಿ ದುಡಿದಿದ್ದರೋ ಅದೇ ನೆಲಕ್ಕೆ ಮೊಮ್ಮಕ್ಕಳು ಒಡೆಯರಾದರು. ಅಮೆರಿಕದ ದಕ್ಷಿಣದಲ್ಲಿ ಇದು ತೀರ ಅಪರೂಪದ ಸಂಗತಿ. ಕೌದಿಯ ಕೀರ್ತಿಗಿಂತಲೂ ಈ ಒಂದು ಸಂಗತಿಯೇ ಗೀಸ್ ಬೆಂಡನ್ನು ಅರಿಯಲು ಮುಖ್ಯವಾದುದೆಂದು ನಾವು ಭಾವಿಸುತ್ತೇವೆ. ಅದರ ಫಲವು ಇಪ್ಪತ್ತು ವರ್ಷಗಳ ತರುವಾಯ ಕಂಡಿತು.

ಕಸಿದುಕೊಂಡ ದೋಣಿ

ಗೀಸ್ ಬೆಂಡಿನಿಂದ ಕೌಂಟಿಯ ಕೇಂದ್ರವಾದ ಕ್ಯಾಮ್ಡೆನ್ನಿಗೆ ಹೋಗಲು ಒಂದು ಕಡವು ದೋಣಿಯಿತ್ತು. ಆಸ್ಪತ್ರೆ, ಅಂಗಡಿ, ನ್ಯಾಯಾಲಯ, ಎಲ್ಲವೂ ಆಚೆಯ ದಡದಲ್ಲಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕಚೇರಿಯೂ ಅಲ್ಲಿಯೇ. ವಿಲ್‌ಕಾಕ್ಸ್ ಕೌಂಟಿಯಲ್ಲಿ ಕಪ್ಪು ವರ್ಣೀಯರೇ ಬಹುಸಂಖ್ಯಾತರಾಗಿದ್ದರೂ 1965ರ ಆರಂಭದವರೆಗೆ ಅವರಲ್ಲಿ ಒಬ್ಬರ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಹೆಸರು ಬರೆಸಲು ಗೀಸ್ ಬೆಂಡಿನ ಜನರು ನದಿ ದಾಟಲಾರಂಭಿಸಿದಾಗ, 1962ರಲ್ಲಿ, ಆ ದೋಣಿಯ ಸೇವೆಯು ನಿಂತುಹೋಯಿತು. ಕಣ್ಣಿಗೆ ಕಾಣುವ ದಡವನ್ನು ಮುಟ್ಟಲು ಇನ್ನು ಸುಮಾರು 40 ಮೈಲಿ, ಎಂದರೆ ಅರುವತ್ತು ಕಿಲೋಮೀಟರಿಗೂ ಮಿಕ್ಕಿ, ಸುತ್ತಬೇಕಾಯಿತು. ಅಂದು ಊರಿನಲ್ಲಿ ಮೋಟಾರು ಇದ್ದವರು ಬೆರಳೆಣಿಕೆಯ ಮಂದಿ.

1965ರ ಫೆಬ್ರವರಿಯ ಒಂದು ಮಳೆಯ ರಾತ್ರಿ ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರು ಗೀಸ್ ಬೆಂಡಿನ ಪ್ಲೆಸೆಂಟ್ ಗ್ರೋವ್ ಚರ್ಚಿನಲ್ಲಿ ಮಾತನಾಡಿದರು. ಆ ತಿಂಗಳುಗಳಲ್ಲಿ ಊರಿನವರು ಮತ್ತೆ ಮತ್ತೆ ಕ್ಯಾಮ್ಡೆನ್ನಿಗೆ ಹೋಗಿ ಹಕ್ಕಿಗಾಗಿ ನಿಂತರು, ಬಂಧನಕ್ಕೂ ಒಳಗಾದರು. ಅದೇ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಶಾಸನವು ಜಾರಿಗೆ ಬಂದಿತು. ಇಲ್ಲಿ ಭೂಮಿಯ ಮಾತನ್ನು ನೆನೆಯಬೇಕು. ಅದೇ ಕೌಂಟಿಯ ಬೇರೆ ಊರುಗಳಲ್ಲಿ ಹೆಸರು ಬರೆಸಿದ ಗೇಣಿದಾರರನ್ನು ಒಡೆಯರು ಮನೆಯಿಂದ ಹೊರಗೆ ಹಾಕಿದರು. ಗೀಸ್ ಬೆಂಡಿನವರನ್ನು ಹಾಗೆ ಹೊರಹಾಕಲು ಯಾರಿಗೂ ಸಾಧ್ಯವಿರಲಿಲ್ಲ, ಏಕೆಂದರೆ ಮನೆಯೂ ಹೊಲವೂ ಅವರದೇ ಆಗಿದ್ದವು. ದೋಣಿಯನ್ನು ಕಸಿಯಬಹುದಾಗಿತ್ತು. ನೆಲವನ್ನು ಕಸಿಯುವಂತಿರಲಿಲ್ಲ.

ಆದರೆ ಆ ನೆಲದಲ್ಲಿಯೂ ಒಂದು ಪಾಲನ್ನು ನೀರು ನುಂಗಿತು. ಅದೇ ದಶಕದಲ್ಲಿ ಕೆಳಗಡೆ ಕಟ್ಟಿದ ಮಿಲ್ಲರ್ಸ್ ಫೆರಿ ಅಣೆಕಟ್ಟಿನ ಹಿನ್ನೀರಿನಲ್ಲಿ ನದಿಯಂಚಿನ ಫಲವತ್ತಾದ ಹೊಲಗಳು ಮುಳುಗಿದವು. ಆಲಮಟ್ಟಿಯ ಹಿನ್ನೀರಿನ ಊರುಗಳ ನಮ್ಮ ಭಕ್ತರಿಗೆ ಇದರ ನೋವು ಬೇಗನೆ ಅರ್ಥವಾಗುತ್ತದೆ. ದೋಣಿಯು ಮರಳಿ ಬಂದದ್ದು 2006ರಲ್ಲಿ, ನಲವತ್ತನಾಲ್ಕು ವರ್ಷಗಳ ಬಳಿಕ.

ಕೌದಿಯ ಕಾಯಕ

ಇನ್ನು ಕೌದಿಯ ವಿಚಾರ. ಹೊಲದ ಕೆಲಸ ಮುಗಿದ ಚಳಿಗಾಲದ ದಿನಗಳಲ್ಲಿ ಹೆಂಗಸರು ಚಿಂದಿಗಳನ್ನು ಕೂಡಿಸಿ ಮೇಲಿನ ಪದರವನ್ನು ಒಬ್ಬೊಬ್ಬರೇ ಜೋಡಿಸಿಕೊಳ್ಳುತ್ತಿದ್ದರು. ಬಳಿಕ ನಾಲ್ಕಾರು ಮಂದಿ ಒಂದು ಮನೆಯಲ್ಲಿ ಸೇರಿ, ಮರದ ಚೌಕಟ್ಟಿಗೆ ಅದನ್ನು ಬಿಗಿದು, ನಡುವೆ ಹತ್ತಿಯನ್ನು ಹರಡಿ, ಕೆಳಗೆ ಅಸ್ತರು ಕೊಟ್ಟು, ಮೂರು ಪದರಗಳನ್ನೂ ಸೇರಿಸಿ ಹೊಲಿಯುತ್ತಿದ್ದರು. ಜಿನ್ನಿನ ನೆಲದಲ್ಲಿ ಬಿದ್ದ ಹತ್ತಿಯನ್ನು ಗುಡಿಸಿ ತಂದು ಕೋಲಿನಿಂದ ಬಡಿದು ಹಗುರ ಮಾಡಿಕೊಳ್ಳುವುದೂ ಇತ್ತು. ಹೊಲಿಯುವಾಗ ದೇವರ ಹಾಡುಗಳು ನಡೆಯುತ್ತಿದ್ದವು. ಈ ಊರಿನ ಪ್ರಾರ್ಥನೆ ಮತ್ತು ಹಾಡುಗಳನ್ನು 1941ರಲ್ಲಿಯೇ ರಾಬರ್ಟ್ ಸಾಂಕಿನ್ ಎಂಬ ವಿದ್ವಾಂಸರು ಅಮೆರಿಕದ ಸಂಸತ್ತಿನ ಗ್ರಂಥಾಲಯಕ್ಕಾಗಿ ಧ್ವನಿಮುದ್ರಿಸಿಕೊಂಡಿದ್ದಾರೆ.

ಬಟ್ಟೆಯೆಂದರೆ ಅಂಗಡಿಯ ಬಟ್ಟೆಯಲ್ಲ. ಮಂಡಿಯಲ್ಲಿ ಹರಿದ ಪ್ಯಾಂಟು, ಬಿಸಿಲಿಗೆ ಬಣ್ಣ ಹಾರಿದ ಡೆನಿಮ್ ಅಂಗಿ, ಹಿಟ್ಟಿನ ಚೀಲ, ಗೊಬ್ಬರದ ಚೀಲ. ಜೇಬನ್ನು ಬಿಚ್ಚಿದ ಕಡೆ ಬಟ್ಟೆಯ ಹಳೆಯ ಗಾಢ ಬಣ್ಣವು ಚೌಕವಾಗಿ ಉಳಿದಿರುತ್ತದೆ. ಅದನ್ನು ಮರೆಮಾಡದೆ ಹಾಗೆಯೇ ಇಟ್ಟು ಹೊಲಿದಿದ್ದಾರೆ. ವಿನ್ಯಾಸಗಳಿಗೆ ಹೆಸರುಗಳಿವೆ. 'ಹೌಸ್‌ಟಾಪ್' ಎಂಬುದು ಮನೆಯ ಮಾಡನ್ನು ಮೇಲಿನಿಂದ ನೋಡಿದಂತೆ. ನಡುವಿನ ಒಂದು ತುಂಡಿನಿಂದ ಹೊರಟು, ಅದರ ಸುತ್ತ ಪಟ್ಟಿ, ಪಟ್ಟಿಯ ಸುತ್ತ ಪಟ್ಟಿ. 'ಲೇಜಿ ಗಾಲ್' ಎಂಬುದು ಉದ್ದುದ್ದ ಪಟ್ಟಿಗಳದ್ದು. ಹೆಸರಿಗೆ ಸೋಮಾರಿ ಹುಡುಗಿಯದಾದರೂ ಅದನ್ನು ಹೊಲಿದವರಲ್ಲಿ ಸೋಮಾರಿಗಳು ಇದ್ದಂತಿಲ್ಲ. ಯಾವ ಮಾದರಿಗೂ ಕಟ್ಟುಬೀಳದೆ ಮನಸ್ಸಿಗೆ ಬಂದಂತೆ ಜೋಡಿಸುವುದಕ್ಕೆ ಅವರು 'ನನ್ನ ದಾರಿ' ಎನ್ನುತ್ತಾರೆ. ಪಟ್ಟಿಯು ಓರೆಯಾದರೆ ಓರೆಯೇ, ಬಟ್ಟೆ ಮುಗಿದರೆ ಬೇರೆ ಬಣ್ಣ.

ಇವುಗಳಲ್ಲಿ ಒಂದು ಕೌದಿಯನ್ನು ನಾವು ಪ್ರತ್ಯೇಕವಾಗಿ ನೆನೆಯಬಯಸುತ್ತೇವೆ. 1942ರಲ್ಲಿ ಮಿಸೂರಿ ಪೆಟ್‌ವೇ ಎಂಬ ತಾಯಿಯು ಗಂಡನನ್ನು ಕಳೆದುಕೊಂಡರು. ಅವರು ಆತನ ಕೆಲಸದ ಬಟ್ಟೆಗಳನ್ನು ಎಸೆಯಲಿಲ್ಲ. ಮಗಳು ಆರ್ಲೋನ್ಜಿಯಾಳನ್ನು ಕೂರಿಸಿಕೊಂಡು ಅವುಗಳನ್ನು ಬಿಚ್ಚಿ, ಹರಿದು, ಒಂದು ಹೊದಿಕೆಯನ್ನು ಹೊಲಿದರು. ಆತನನ್ನು ನೆನೆಯುವುದಕ್ಕೂ, ಪ್ರೀತಿಗಾಗಿ ಹೊದ್ದುಕೊಳ್ಳುವುದಕ್ಕೂ ಅದು ಬೇಕೆಂಬುದು ಆ ತಾಯಿಯ ಮನಸ್ಸಾಗಿತ್ತೆಂದು ಮಗಳು ಮುಂದೆ ಹೇಳಿದ್ದಾರೆ. ನೀಲಿ, ಬೂದು, ಕಂದು ಬಣ್ಣದ ಆ ಸವೆದ ತುಂಡುಗಳಲ್ಲಿ ಮಂಡಿ ಊರಿದ ಗುರುತುಗಳಿವೆ. ಗತಿಸಿದವರ ಸೀರೆಯನ್ನೋ ಧೋತರವನ್ನೋ ಕೌದಿಗೆ ಸೇರಿಸುವ ನಮ್ಮ ಮನೆಗಳ ವಾಡಿಕೆಯು ಇದನ್ನು ಕಂಡಾಗ ತಾನಾಗಿ ನೆನಪಿಗೆ ಬರುತ್ತದೆ.

ಇಷ್ಟಾದರೂ ಬಡತನವೇ ಈ ಚೆಲುವನ್ನು ಹುಟ್ಟಿಸಿತೆಂಬ ಮಾತನ್ನು ನಾವು ಒಪ್ಪುವುದಿಲ್ಲ. ಅದು ಬಡತನವನ್ನು ಹೊಗಳಿದಂತಾಗುತ್ತದೆ. ಲೊರೆಟ್ಟಾ ಪೆಟ್‌ವೇ ಅವರ ಕೌದಿಗಳನ್ನು ಇಂದು ವಿಮರ್ಶಕರು ಬಹುವಾಗಿ ಮೆಚ್ಚುತ್ತಾರೆ. ಆದರೆ ಹೊಲಿಗೆಯು ತಮಗೆ ಪ್ರಿಯವಾದ ಕೆಲಸವಾಗಿರಲಿಲ್ಲ, ಮಕ್ಕಳು ಚಳಿಯಲ್ಲಿ ನಡುಗುತ್ತಿದ್ದುದರಿಂದ ಹೊಲಿದೆವು ಎಂದು ಅವರು ನೇರವಾಗಿ ಹೇಳಿದ್ದಾರೆ. ಶರಣರಲ್ಲಿ ಸೂಜಿಯ ಕಾಯಕದ ರಾಮಿತಂದೆಯನ್ನೂ ನೂಲುವ ಕದಿರ ರೆಮ್ಮವ್ವೆಯನ್ನೂ ಬಲ್ಲ ನಮ್ಮ ಓದುಗರಿಗೆ, ಮೆಚ್ಚಿಕೆಗಾಗಿ ಅಲ್ಲದೆ ಅಗತ್ಯಕ್ಕಾಗಿ ಮಾಡಿದ ಕೆಲಸದಲ್ಲಿಯೂ ಕೈ ಎಷ್ಟು ನಿಷ್ಠೆಯಿಂದ ಇರಬಲ್ಲುದೆಂಬುದು ಹೊಸ ಮಾತಲ್ಲ.

ಆಫ್ರಿಕಾ ಮೂಲದ ಜನರ ಕೌದಿಯ ಮಾತು ಬಂದಾಗ ನಮ್ಮದೇ ಉತ್ತರ ಕನ್ನಡದ ಸಿದ್ದಿಯರನ್ನು ಮರೆಯಲಾಗದು. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಾಡಂಚಿನಲ್ಲಿ ನೆಲೆಸಿರುವ ಈ ಜನರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ತರಲಾಗಿತ್ತು. ಸಿದ್ದಿ ಹೆಂಗಸರು ಹೊಲಿಯುವ ಕೌದಿಗೆ 'ಕವಂದಿ' ಎಂಬ ಹೆಸರಿದೆ. ಹಿಂದೂ, ಮುಸಲ್ಮಾನ, ಕ್ರೈಸ್ತ ಸಿದ್ದಿಯರೆಲ್ಲರಲ್ಲೂ ಅದು ಬಳಕೆಯಲ್ಲಿದೆ. ಅವರು ಹಳೆಯ ಸೀರೆಯನ್ನು ಹಾಸಿ ಅಂಚಿನಿಂದ ಹೊಲಿಗೆಯನ್ನು ಆರಂಭಿಸುತ್ತಾರೆ. ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಗೀಸ್ ಬೆಂಡಿನ 'ಹೌಸ್‌ಟಾಪ್' ನಡುವಿನಿಂದ ಅಂಚಿಗೆ ಬೆಳೆದರೆ, ಸಿದ್ದಿಯರ ಕವಂದಿಯು ಅಂಚಿನಿಂದ ನಡುವಿಗೆ ಸಾಗುತ್ತದೆ. ನಾಲ್ಕು ಮೂಲೆಗಳಲ್ಲಿ ಮಡಿಚಿದ ತುಂಡುಗಳ 'ಫೂಲ' ಇಲ್ಲದಿದ್ದರೆ ಅದು ಪೂರ್ಣವಾಗದು. ಎರಡಕ್ಕೂ ಒಂದೇ ಬೇರಿದೆಯೆಂದು ಸಾಧಿಸುವ ಆತುರ ನಮಗಿಲ್ಲ. ಚಿಂದಿಯನ್ನು ಜೋಡಿಸಿ ಹೊದೆಯುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಹಗ್ಗದ ಮೇಲಿಂದ ವಸ್ತುಸಂಗ್ರಹಾಲಯಕ್ಕೆ

1965ರ ಕೊನೆಯಲ್ಲಿ ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿಗಳು ಈ ಭಾಗದಲ್ಲಿ ಹೋಗುತ್ತಿರುವಾಗ ಹಗ್ಗದ ಮೇಲೆ ಹರವಿದ್ದ ಕೌದಿಗಳನ್ನು ಕಂಡರು. ಅವರ ನೆರವಿನಿಂದ ಮರುವರ್ಷ ಗೀಸ್ ಬೆಂಡ್ ಮತ್ತು ಸುತ್ತಲಿನ ಹೆಂಗಸರು ಸೇರಿ 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಸಹಕಾರ ಸಂಘವನ್ನು ಕಟ್ಟಿದರು. ಕೌದಿಗಳು ನ್ಯೂಯಾರ್ಕಿನಲ್ಲಿ ಮಾರಾಟವಾದವು. ಬಂದ ಹಣದಿಂದ ಸಂಘವು ಸ್ವಂತ ಜಾಗವನ್ನು ಕೊಂಡು ಹೊಲಿಗೆಯ ಕಟ್ಟಡವನ್ನು ಎಬ್ಬಿಸಿತು. ಅಷ್ಟೇ ಅಲ್ಲ, ಮತದಾನಕ್ಕೆ ಹೆಸರು ಬರೆಸಿದ ಕಾರಣಕ್ಕೆ ಬೀದಿಪಾಲಾಗಿದ್ದ ಕುಟುಂಬಗಳಿಗೆ ಆ ಜಾಗದಲ್ಲಿ ನಿವೇಶನಗಳನ್ನು ಮಾರಿತು. 1972ರಲ್ಲಿ ಸಿಯರ್ಸ್ ಕಂಪನಿಗಾಗಿ ಕಾರ್ಡುರಾಯ್ ಬಟ್ಟೆಯ ದಿಂಬಿನ ಗವಸುಗಳನ್ನು ಹೊಲಿಯುವ ಕೆಲಸ ದೊರೆಯಿತು. ಆ ಕೆಲಸದಲ್ಲಿ ಮಿಕ್ಕ ಕಾರ್ಡುರಾಯ್ ತುಂಡುಗಳು ಮನೆ ಸೇರಿ, ಹೊಸ ಬಗೆಯ, ಗಾಢ ಬಣ್ಣದ ಕೌದಿಗಳಾದವು. ಗವಸುಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಮಿಕ್ಕ ಚೂರುಗಳಿಂದಾದ ಕೌದಿಗಳು ವಸ್ತುಸಂಗ್ರಹಾಲಯಗಳಲ್ಲಿವೆ.

ಅಲ್ಲಿಗೆ ಹೋದ ಬಗೆ ಹೀಗೆ. ಆನಿ ಮೇ ಯಂಗ್ ಅವರ ಒಂದು ಕೌದಿಯು ಸೌದೆಯ ರಾಶಿಯ ಮೇಲೆ ಹರವಿಕೊಂಡಿದ್ದ ಛಾಯಾಚಿತ್ರವನ್ನು ಕಂಡ ಒಬ್ಬ ಸಂಗ್ರಾಹಕರು 1990ರ ದಶಕದ ಕೊನೆಯಲ್ಲಿ ಊರನ್ನು ಹುಡುಕಿಕೊಂಡು ಬಂದರು. ಅವರು ನೂರಾರು ಕೌದಿಗಳನ್ನು ಕೊಂಡರು. 2002ರಲ್ಲಿ ಹ್ಯೂಸ್ಟನ್ ನಗರದಲ್ಲಿ, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ನಡೆಯಿತು. ಅಮೆರಿಕದ ಆಧುನಿಕ ಕಲೆಯ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಪತ್ರಿಕೆಗಳು ಇವುಗಳನ್ನು ಎಣಿಸಿದವು. 2006ರಲ್ಲಿ ಹತ್ತು ಕೌದಿಗಳು ಅಂಚೆಚೀಟಿಗಳಾದವು. 2015ರಲ್ಲಿ ಮೇರಿ ಲೀ ಬೆಂಡಾಲ್ಫ್, ಲೂಸಿ ಮಿಂಗೊ ಮತ್ತು ಲೊರೆಟ್ಟಾ ಪೆಟ್‌ವೇ ಅವರಿಗೆ ರಾಷ್ಟ್ರಮಟ್ಟದ ಪರಂಪರಾ ಗೌರವ ಸಂದಿತು.

ಕೀರ್ತಿಯ ಜೊತೆಗೆ ಕಹಿಯೂ ಬಂತು. ಕೌದಿಗಳ ವಿನ್ಯಾಸಗಳು ನೆಲಹಾಸು ಮೊದಲಾದ ಸರಕುಗಳ ಮೇಲೆ ಕಾಣಿಸಿಕೊಂಡಾಗ, ಹೊಲಿದವರಿಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು 2007ರಲ್ಲಿ ಕೆಲವು ಮಹಿಳೆಯರು ನ್ಯಾಯಾಲಯದ ಮೆಟ್ಟಿಲೇರಿದರು. ಮರುವರ್ಷ ಉಭಯ ಪಕ್ಷಗಳೂ ರಾಜಿಯಾದವು. ನ್ಯಾಯದ ತೂಕವನ್ನು ನಾವು ಇಲ್ಲಿ ನಿರ್ಣಯಿಸಲಾರೆವು. ಆದರೆ ಆ ಮಹಿಳೆಯರು ಎತ್ತಿದ ಪ್ರಶ್ನೆಯು ನಮ್ಮ ಊರುಗಳಿಗೂ ಸಂಬಂಧಿಸಿದ್ದು. ನಗರದ ಅಂಗಡಿಗಳಲ್ಲಿ ಇಂದು ಕೌದಿಯು ಸಾವಿರಾರು ರೂಪಾಯಿಗೆ ಮಾರಾಟವಾಗುವಾಗ, ಅದನ್ನು ಹೊಲಿದ ತಾಯಿಯ ಕೈಗೆ ಬರುವುದೆಷ್ಟು? ಅದರ ಚೀಟಿಯ ಮೇಲೆ ಆಕೆಯ ಹೆಸರಿದೆಯೇ? ಗೀಸ್ ಬೆಂಡಿನ ಕೌದಿಗಳ ಪಕ್ಕದಲ್ಲಿ ಇಂದು ಹೊಲಿದವಳ ಹೆಸರು ಮತ್ತು ಹೊಲಿದ ವರ್ಷ ಬರೆದಿರುತ್ತದೆ. 2003ರಲ್ಲಿ ಊರಿನ ಹೆಂಗಸರೇ ಒಂದು ಸಂಘವನ್ನು ಕಟ್ಟಿಕೊಂಡು ತಮ್ಮ ಕೌದಿಗಳನ್ನು ತಾವೇ ಮಾರತೊಡಗಿದರು.

ಇಂದಿನ ಗೀಸ್ ಬೆಂಡ್

2020ರ ಜನಗಣತಿಯಂತೆ ಬಾಯ್ಕಿನ್ ಊರಿನ ಜನಸಂಖ್ಯೆ 208. ಹತ್ತು ವರ್ಷಗಳ ಹಿಂದೆ ಅದು 275 ಇತ್ತು. ಯುವಕರು ದುಡಿಮೆಯನ್ನು ಅರಸಿ ಪಟ್ಟಣಗಳಿಗೆ ಹೋಗುತ್ತಾರೆ. ಹಿರಿಯ ಹೊಲಿಗೆಗಾರ್ತಿಯರಲ್ಲಿ ಅನೇಕರು ಈಗಿಲ್ಲ. ಆದರೂ ಮಕ್ಕಳು, ಮೊಮ್ಮಕ್ಕಳು ಸೂಜಿಯನ್ನು ಹಿಡಿದಿದ್ದಾರೆ. ಕೆಲವರು ಅಂತರ್ಜಾಲದ ಮೂಲಕ ತಮ್ಮ ಕೌದಿಗಳನ್ನು ನೇರವಾಗಿ ಮಾರುತ್ತಾರೆ.

2022ರಿಂದ ಪ್ರತಿ ವರ್ಷ ಅಕ್ಟೋಬರಿನಲ್ಲಿ 'ಕೌದಿಗಳಿಗೆ ಗಾಳಿಯಾಡಿಸುವ' ಹಬ್ಬವೊಂದು ಅಲ್ಲಿ ನಡೆಯುತ್ತದೆ. ಚಳಿಗಾಲಕ್ಕೆ ಮುನ್ನ ಹೊದಿಕೆಗಳನ್ನು ಹೊರತೆಗೆದು ಬಿಸಿಲಿಗೆ ಹಾಕುವ ಹಳೆಯ ವಾಡಿಕೆಯೇ ಈಗ ಹಬ್ಬವಾಗಿದೆ. ಅಂದು ಅಂಗಳಗಳಲ್ಲಿ, ಬೇಲಿಗಳ ಮೇಲೆ, ಹಗ್ಗಗಳ ಮೇಲೆ ಕೌದಿಗಳು ಹರವಿಕೊಂಡಿರುತ್ತವೆ. ಅಟ್ಲಾಂಟಾ, ಬರ್ಮಿಂಗ್‌ಹ್ಯಾಮ್ ಮೊದಲಾದ ಕಡೆಗಳಲ್ಲಿ ನೆಲೆಸಿರುವ ನಮ್ಮ ಬಂಧುಗಳು ಒಂದು ದಿನವನ್ನು ಮೀಸಲಿಟ್ಟು ಅದನ್ನು ನೋಡಿಬರಬಹುದು. ಹೋಗುವವರು ಸುತ್ತಿನ ರಸ್ತೆಯನ್ನು ಹಿಡಿಯದೆ ಕ್ಯಾಮ್ಡೆನ್ ಕಡೆಯಿಂದ ದೋಣಿಯಲ್ಲಿಯೇ ದಾಟಬೇಕೆಂದು ನಾವು ಹೇಳುತ್ತೇವೆ. ಅದೇ ದೋಣಿಯನ್ನು 2019ರಲ್ಲಿ ವಿದ್ಯುತ್ತಿನಿಂದ ನಡೆಯುವಂತೆ ಮಾರ್ಪಡಿಸಲಾಯಿತು. ಈಗ ಅದು ಹೊಗೆಯಿಲ್ಲದೆ, ಹೆಚ್ಚು ಸದ್ದಿಲ್ಲದೆ, ಜನರನ್ನೂ ಮೋಟಾರುಗಳನ್ನೂ ಹೊತ್ತು ಆ ದಡಕ್ಕೂ ಈ ದಡಕ್ಕೂ ಓಡಾಡುತ್ತಿದೆ.